ಹಸಿರೆಲೆಯಲ್ಲೇ ಸಿಕ್ಕಿಕೊಂಡ ಸಕ್ಕರೆ

(ಗಿಡಮರಗಳ ಬಗ್ಗೆ ಆಸಕ್ತಿ ಇರುವ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಂಧಕದ ಹೊಗೆ ತಾಗಿದ ಮರ ಅಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಅಂಚು ಸುಟ್ಟ ಎಲೆ, ನರಗಳ ನಡುವೆ ಬಿಳಿಚಿಕೊಂಡ ಪಟ್ಟೆ, ಬೋಳಾದ ಕೊಂಬೆ. ಅದು ಸುಳ್ಳಲ್ಲ. ಆದರೆ ಅಷ್ಟೆಲ್ಲ ಕಾಣುವ ಹೊತ್ತಿಗೆ ಕತೆ ಮುಕ್ಕಾಲು ಮುಗಿದಿರುತ್ತದೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಅದಕ್ಕೂ ಮೊದಲಿನ ಭಾಗ. ಎಲೆ ಹಸಿರಾಗೇ ಇದೆ. ನೋಡಿದವರು ಮರ ಚೆನ್ನಾಗಿದೆ ಅನ್ನುತ್ತಾರೆ. ಒಳಗೆ ಮಾತ್ರ ಸಕ್ಕರೆಯ ಲೆಕ್ಕ ಏರುಪೇರಾಗಿದೆ. ಎಷ್ಟೋ ಸಲ ಅಂಥ ಎಲೆಯಲ್ಲಿ ಸಕ್ಕರೆ, ಪಿಷ್ಟ ಕಮ್ಮಿ ಆಗಿರುವುದಿಲ್ಲ, ಜಾಸ್ತಿಯೇ ಇರುತ್ತದೆ. ಹಾಗಿದ್ದೂ ಮರ ಹಸಿದಿರುತ್ತದೆ. ಇದು ಹೇಗೆ ಅನ್ನುವುದೇ ಇವತ್ತಿನ ಮಾತು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಜರ್ಮನಿಯ ಸ್ಯಾಕ್ಸನಿಯಲ್ಲಿ ಫ್ರೈಬರ್ಗ್ ಅಂತ ಗಣಿಯ ಊರು. ಬೆಳ್ಳಿ, ಸೀಸದ ಅದಿರು ಕರಗಿಸುವ ಕುಲುಮೆಗಳು ಅಲ್ಲಿ ನೂರಾರು ವರ್ಷಗಳಿಂದ ಇದ್ದವು. ಅದಿರಿನಲ್ಲಿ ಗಂಧಕ ಇರುತ್ತದೆ. ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಸುತ್ತಲಿನ ಸ್ಪ್ರೂಸ್ ಕಾಡು, ಅಂದರೆ ಪೈನ್ ತರಹ ಸೂಜಿಯಂಥ ಎಲೆ ಇರುವ ಮರಗಳ ಕಾಡು, ಒಣಗತೊಡಗಿತು. ಹತ್ತಿರದ ಥರಾಂಟ್‌ನ ಅರಣ್ಯ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಯೂಲಿಯಸ್ ಅಡಾಲ್ಫ್ ಶ್ಟೋಕ್‌ಹಾರ್ಟ್ 1850ರ ದಶಕದಲ್ಲೇ ಇದರ ಬೆನ್ನು ಹತ್ತಿದರು. ಎಳೆ ಸ್ಪ್ರೂಸ್ ಗಿಡಗಳಿಗೆ ಅಳೆದು ಗ್ಯಾಸ್ ಕೊಟ್ಟು ನೋಡಿದರು. ತೀರಾ ತೆಳುವಾದ ಗ್ಯಾಸ್ ಕೂಡ ಮತ್ತೆ ಮತ್ತೆ ತಾಗಿದರೆ ಗಿಡ ಕೆಡುತ್ತದೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು.

ಆ ಕಾಲದವರು ಕಂಡುಕೊಂಡ ಪರಿಹಾರ ಏನು ಗೊತ್ತಾ? ಚಿಮಣಿ ಎತ್ತರಿಸುವುದು. 1889ರಲ್ಲಿ ಫ್ರೈಬರ್ಗ್ ಪಕ್ಕದ ಹಾಲ್ಸ್‌ಬ್ರುಕೆಯಲ್ಲಿ 140 ಮೀಟರ್ ಎತ್ತರದ ಇಟ್ಟಿಗೆ ಚಿಮಣಿ ಎದ್ದಿತು. ಈಗಲೂ ಅಲ್ಲೇ ನಿಂತಿದೆ.

ಇನ್ನೊಂದು ಊರಿಗೆ ಬನ್ನಿ. ಕೆನಡಾದ ಒಂಟಾರಿಯೊದಲ್ಲಿರುವ ಸಡ್‌ಬರಿ. 1883ರಲ್ಲಿ ರೈಲು ದಾರಿ ಹಾಕುವಾಗ ಅಲ್ಲಿ ತಾಮ್ರ, ನಿಕಲ್ ಅದಿರು ಸಿಕ್ಕಿತು. ಗಂಧಕ ಬೆರೆತ ಅದಿರು. ಅದನ್ನು ಹದ ಮಾಡುತ್ತಿದ್ದ ರೀತಿ ಕೇಳಿ. ಬಯಲಿನಲ್ಲಿ ಸೌದೆ ಒಟ್ಟುತ್ತಿದ್ದರು. ಅದರ ಮೇಲೆ ಅದಿರು ಸುರಿದು ಬೆಂಕಿ ಹಚ್ಚುತ್ತಿದ್ದರು. ಸೌದೆ ಉರಿದು ಮುಗಿದ ಮೇಲೂ ಅದಿರಿನ ಗಂಧಕವೇ ಉರಿಯುತ್ತಿತ್ತು, ತಿಂಗಳುಗಟ್ಟಲೆ. ಚಿಮಣಿಯೂ ಇಲ್ಲ, ಏನೂ ಇಲ್ಲ. ಹೊಗೆ ನೆಲಮಟ್ಟದಲ್ಲೇ ಹರಿಯುತ್ತಿತ್ತು. 1929ರವರೆಗೂ ಹೀಗೆ ನಡೆಯಿತು. ಸೌದೆಗೆ ಅಂತ ಕಡಿದ ಕಾಡು ಒಂದು ಕಡೆ, ಹೊಗೆಗೆ ಸತ್ತ ಕಾಡು ಇನ್ನೊಂದು ಕಡೆ. ಸುಮಾರು 20,000 ಹೆಕ್ಟೇರ್ ನೆಲ ಪೂರ್ತಿ ಬೋಳಾಯಿತು. ಅದರಾಚೆ ಸುಮಾರು 80,000 ಹೆಕ್ಟೇರ್ ಅರೆಬೋಳು. ಮಳೆಗೆ ಮಣ್ಣು ಕೊಚ್ಚಿ ಹೋಗಿ ಕರಿ ಬಂಡೆ ಮಾತ್ರ ಉಳಿದಿತ್ತು.

ಅಲ್ಲೂ ಚಿಮಣಿ ಎತ್ತರಿಸಿದರು. 1972ರಲ್ಲಿ 381 ಮೀಟರ್ ಎತ್ತರದ ಸೂಪರ್‌ಸ್ಟ್ಯಾಕ್ ಬಂತು. ಊರಿನ ಗಾಳಿ ಸುಧಾರಿಸಿತು, ನಿಜ. ಗ್ಯಾಸ್ ಮಾತ್ರ ತೆಳುವಾಗಿ ದೂರ ದೂರಕ್ಕೆ ಹರಡಿತು.

ಚಿಮಣಿಯ ವಿಷಯ ಇಷ್ಟು ಎಳೆದದ್ದಕ್ಕೆ ಕಾರಣ ಇದೆ. ಚಿಮಣಿ ಎತ್ತರಿಸಿದಾಗ ಗಂಧಕ ಮಾಯವಾಗುವುದಿಲ್ಲ. ಒಂದು ಕಡೆ ದಟ್ಟವಾಗಿ ಬೀಳುತ್ತಿದ್ದದ್ದು ಹತ್ತು ಕಡೆ ತೆಳುವಾಗಿ ಬೀಳುತ್ತದೆ. ದಟ್ಟ ಗ್ಯಾಸ್ ಎಲೆ ಸುಡುತ್ತದೆ, ಎಲ್ಲರಿಗೂ ಕಾಣುತ್ತದೆ, ಜನ ಕೋರ್ಟಿಗೆ ಹೋಗುತ್ತಾರೆ. ಬ್ರಿಟಿಷ್ ಕೊಲಂಬಿಯಾದ ಟ್ರೇಲ್ ಅನ್ನುವ ಊರಿನ ಕುಲುಮೆಯ ಹೊಗೆ ಗಡಿ ದಾಟಿ ಅಮೆರಿಕದ ರೈತರ ಬೆಳೆ, ಮರ ಕೆಡಿಸಿತು ಅಂತ ಎರಡು ದೇಶಗಳ ನಡುವೆಯೇ ಪಂಚಾಯಿತಿ ಆಯಿತು. 1938ರಲ್ಲಿ ಒಂದು ತೀರ್ಪು, 1941ರಲ್ಲಿ ಇನ್ನೊಂದು. ತೆಳು ಗ್ಯಾಸ್ ಎಲೆ ಸುಡುವುದಿಲ್ಲ. ಅದರ ಪೆಟ್ಟು ಎಲೆಯೊಳಗಿನ ಸಕ್ಕರೆಯ ಕೆಲಸಕ್ಕೆ ಬೀಳುತ್ತದೆ. ಅದಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ.

ಈಗ ಎಲೆಯೊಳಗೆ ಹೋಗೋಣ.

ಎಲೆಯ ಮೇಲೆ ಪತ್ರರಂಧ್ರಗಳಿರುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ. ಕಾರ್ಬನ್ ಡೈಆಕ್ಸೈಡ್ ಒಳಗೆ ಬರಲಿ ಅಂತ ಗಿಡ ಅದನ್ನು ತೆರೆದಿಟ್ಟಿರುತ್ತದೆ. ಅದೇ ದಾರಿಯಲ್ಲಿ ಸಲ್ಫರ್ ಡೈಆಕ್ಸೈಡ್ ಕೂಡ ಬರುತ್ತದೆ. ರಾತ್ರಿ ರಂಧ್ರಗಳು ಬಹುಪಾಲು ಮುಚ್ಚಿರುತ್ತವೆ, ಆಗ ಹಾನಿ ಕಮ್ಮಿ. ಟ್ರೇಲ್ ತೀರ್ಪಿನಲ್ಲೂ ಇದು ಇದೆ: ಬೆಳೆಯುವ ಕಾಲದಲ್ಲಿ, ದಿನದ ಯಾವ ಹೊತ್ತಿನಲ್ಲಿ ಎಷ್ಟು ಹೊಗೆ ಬಿಡಬಹುದು ಅಂತ ಬೇರೆ ಬೇರೆ ಮಿತಿ ಹಾಕಿದ್ದರು. 1970ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನ ಮ್ಯಾನ್ಸ್‌ಫೀಲ್ಡ್ ಮತ್ತು ಮಾಯರ್ನಿಕ್ ಇನ್ನೊಂದು ವಿಚಿತ್ರ ತೋರಿಸಿದರು. ಗಾಳಿಯಲ್ಲಿ ತೇವ ಇದ್ದಾಗ, ಸ್ವಲ್ಪ ಸಲ್ಫರ್ ಡೈಆಕ್ಸೈಡ್ ತಾಗಿದರೆ ರಂಧ್ರಗಳು ಮುಚ್ಚುವುದಿಲ್ಲ, ಇನ್ನೂ ಅಗಲವಾಗಿ ತೆರೆದುಕೊಳ್ಳುತ್ತವೆ! ಅವರು ನೋಡಿದ್ದು ಒಂದು ಜಾತಿಯ ಅವರೆ ಗಿಡದಲ್ಲಿ. ಗಾಳಿ ಒಣಗಿದ್ದಾಗ ಇದು ಉಲ್ಟಾ ಆಗುತ್ತದೆ.

ಒಳಗೆ ಬಂದ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಎಲೆಯೊಳಗಿನ ಕೋಶಗಳ ಗೋಡೆ ಸದಾ ಒದ್ದೆ. ಸಲ್ಫರ್ ಡೈಆಕ್ಸೈಡ್ ನೀರಿನಲ್ಲಿ ಕರಗುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಮುಂದು. ಕರಗಿದ ತಕ್ಷಣ ಬೈಸಲ್ಫೈಟ್, ಸಲ್ಫೈಟ್ ಆಗುತ್ತದೆ. ಸಲ್ಫೈಟೇ ಇಲ್ಲಿ ಮುಖ್ಯ ಆಸಾಮಿ. ಅದು ಗಿಡಕ್ಕೆ ಪೂರ್ತಿ ಅಪರಿಚಿತ ಏನಲ್ಲ. ಬೇರಿನಿಂದ ಬಂದ ಗಂಧಕವನ್ನು ಪ್ರೋಟೀನ್ ಮಾಡಿಕೊಳ್ಳುವಾಗ ನಡುವೆ ಸಲ್ಫೈಟ್ ಹಂತ ಬಂದೇ ಬರುತ್ತದೆ. ಹಾಗಾಗಿ ಅದನ್ನು ನಿಭಾಯಿಸುವ ದಾರಿಗಳೂ ಗಿಡದ ಹತ್ತಿರ ಇವೆ. ಒಂದು, ಕೋಶದೊಳಗಿನ ಹಸಿರು ಕಣವಾದ ಕ್ಲೋರೋಪ್ಲಾಸ್ಟ್ ಒಳಗೆ ಅದನ್ನು ಸಲ್ಫೈಡ್ ಮಾಡಿ, ಅಲ್ಲಿಂದ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಮಾಡಿಕೊಳ್ಳುವುದು. ಎರಡು, ಸಲ್ಫೈಟ್ ಆಕ್ಸಿಡೇಸ್ ಅನ್ನುವ ಕಿಣ್ವದಿಂದ ಸಲ್ಫೇಟ್ ಮಾಡಿ ಕೋಶದೊಳಗಿನ ರಸಕುಹರ ಅನ್ನುವ ಚೀಲದಲ್ಲಿ ತುಂಬಿಡುವುದು. ಈ ಕಿಣ್ವ ಪ್ರಾಣಿಗಳಲ್ಲಿ ಇರುವುದು ಬಹಳ ಹಿಂದೆಯೇ ಗೊತ್ತಿತ್ತು. ಗಿಡಗಳಲ್ಲೂ ಇದೆ ಅಂತ ಖಚಿತವಾದದ್ದು 2001ರಲ್ಲಿ. ಮೂರನೆಯ ದಾರಿ ಮಜಾ ಇದೆ. ಗಂಧಕ ಜಾಸ್ತಿಯಾದರೆ ಎಲೆ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ವಾಪಸ್ ಗಾಳಿಗೇ ಬಿಟ್ಟುಬಿಡುತ್ತದೆ. ಕೊಳೆತ ಮೊಟ್ಟೆ ವಾಸನೆಯ ಅದೇ ಗ್ಯಾಸ್. ಪೈನ್ ಸೂಜಿಗಳಲ್ಲೂ ಇದನ್ನು ಅಳೆದಿದ್ದಾರೆ.

ಅಂದರೆ ಸ್ವಲ್ಪ ಬಂದರೆ ಗಿಡ ಸಂಭಾಳಿಸುತ್ತದೆ. ಬರುವುದು ಈ ಮೂರೂ ದಾರಿಯ ಶಕ್ತಿ ಮೀರಿದಾಗ ಮಾತ್ರ ಸಲ್ಫೈಟ್ ಉಳಿದುಕೊಳ್ಳುತ್ತದೆ. ಉಳಿದದ್ದು ಸುಮ್ನೆ ಕೂರುವುದಿಲ್ಲ.

ಸಕ್ಕರೆ ಹುಟ್ಟುವುದು ಕ್ಲೋರೋಪ್ಲಾಸ್ಟ್‌ನಲ್ಲಿ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ಮೊದಲ ಹೆಜ್ಜೆ ಹಾಕಿಸುವ ಕಿಣ್ವ ರುಬಿಸ್ಕೋ. 1972ರಲ್ಲಿ ಇಂಗ್ರಿಡ್ ಝೀಗ್ಲರ್ ಪಾಲಕ್ ಎಲೆಯ ಕ್ಲೋರೋಪ್ಲಾಸ್ಟ್‌ಗಳಲ್ಲಿ ತೋರಿಸಿದ್ದು ಇದು: ಕಾರ್ಬನ್ ಕೂರಬೇಕಾದ ಜಾಗಕ್ಕೆ ಸಲ್ಫೈಟ್ ಪೈಪೋಟಿಗೆ ಬರುತ್ತದೆ. ಅಲ್ಲಿಗೆ ಸಕ್ಕರೆಯ ಮೊದಲ ಹೆಜ್ಜೆಯೇ ನಿಧಾನ. ಐದು ವರ್ಷದ ನಂತರ ಅವರೂ ರೂಡಿಗರ್ ಹಾಂಪ್ ಅವರೂ ಸೇರಿ ಸಲ್ಫೈಟ್ ಒಳಗೆ ನುಗ್ಗುವ ದಾರಿಯನ್ನೂ ಹಿಡಿದರು. ಕ್ಲೋರೋಪ್ಲಾಸ್ಟ್ ತಾನು ಮಾಡಿದ ಸಕ್ಕರೆಯ ತುಣುಕನ್ನು ಹೊರಗೆ ಕಳಿಸಿ, ಬದಲಿಗೆ ಫಾಸ್ಫೇಟ್ ಒಳಗೆ ತಂದುಕೊಳ್ಳುವ ಒಂದು ಸಾಗಣೆ ಪ್ರೋಟೀನ್ ಇದೆ. ಸಲ್ಫೈಟ್, ಸಲ್ಫೇಟ್ ಅದನ್ನೇ ಹತ್ತಿ ಒಳಗೆ ಬರುತ್ತವೆ. ಅಂದರೆ ಸಕ್ಕರೆ ಹೊರಗೆ ಹೋಗುವ ದಾರಿಯಲ್ಲೇ ಗಂಧಕದ ಓಡಾಟ. ಮುಂದೆ ಆಗುವ ತೊಂದರೆಗೆ ಇಲ್ಲೇ ಸುಳಿವು ಇದೆ.

ಇನ್ನೊಂದು ಪೆಟ್ಟು ಸ್ವಲ್ಪ ಸುತ್ತಿ ಬರುತ್ತದೆ. ಸಲ್ಫೈಟ್ ಬಿಸಿಲಿನಲ್ಲಿ, ಕ್ಲೋರೋಪ್ಲಾಸ್ಟ್ ಒಳಗೆ ಸಲ್ಫೇಟ್ ಆಗುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಸಕ್ಕರೆ ಚಕ್ರದ ಕೆಲವು ಕಿಣ್ವಗಳು ಬೆಳಕು ಬಿದ್ದಾಗಷ್ಟೇ ಕೆಲಸಕ್ಕೆ ಇಳಿಯುತ್ತವೆ. ಅವುಗಳ ಮೈಯಲ್ಲಿರುವ ಗಂಧಕದ ತುದಿಗಳು ಒಂದು ಹದದಲ್ಲಿ ಇದ್ದರೆ ಮಾತ್ರ ಅವು ಓಡುತ್ತವೆ. ಪೆರಾಕ್ಸೈಡ್ ಆ ಹದ ಕೆಡಿಸುತ್ತದೆ. ಜಪಾನಿನ ತನಾಕಾ, ಕೊಂಡೊ ಮತ್ತು ಜೊತೆಯವರು 1982ರಲ್ಲಿ ಗ್ಯಾಸ್ ಕೊಟ್ಟ ಪಾಲಕ್ ಎಲೆಗಳಲ್ಲಿ ಇದನ್ನು ತೋರಿಸಿದರು. ಗಮನಿಸಿ, ಕಿಣ್ವ ಇಲ್ಲವಾಗಿಲ್ಲ. ಇದೆ, ಮಂಕಾಗಿದೆ. ಗ್ಯಾಸ್ ಬೇಗ ನಿಂತರೆ ಮತ್ತೆ ಚೇತರಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಾನು ಹೇಳಿದ್ದರಲ್ಲಿ ಅರ್ಧಕ್ಕೂ ಜಾಸ್ತಿ ಪಾಲಕ್, ಅವರೆ ಜಾತಿಯ ಗಿಡಗಳಿಂದ ಬಂದ ತಿಳಿವಳಿಕೆ. ಲ್ಯಾಬಿನಲ್ಲಿ ಪಾಲಕ್ ಸುಲಭ. ಮರ ಕಷ್ಟ. ಪೈನ್ ಸೂಜಿಯ ರಸ ಹಿಂಡಿದರೆ ಬರುವ ಅಂಟು, ಟ್ಯಾನಿನ್ ಕಿಣ್ವಗಳನ್ನೆಲ್ಲ ಹಾಳು ಮಾಡುತ್ತದೆ. ಆದರೆ ಮರ ಅಂದರೆ ದೊಡ್ಡ ಪಾಲಕ್ ಅಲ್ಲ. ಪಾಲಕ್ ಎಲೆಯ ಆಯಸ್ಸು ಕೆಲವು ವಾರ. ಸ್ಪ್ರೂಸ್ ಸೂಜಿ ಐದಾರು ವರ್ಷ ಕೊಂಬೆಯಲ್ಲೇ ಇರುತ್ತದೆ. ಅಷ್ಟೂ ವರ್ಷದ ಹೊಗೆ ಒಂದೇ ಎಲೆಯ ಮೇಲೆ. ಪ್ರತಿ ವರ್ಷ ಎಲೆ ಉದುರಿಸುವ ಮರಕ್ಕೆ ಹಳೆಯದನ್ನು ಕಳಚಿ ಹೊಸದಾಗಿ ಶುರು ಮಾಡುವ ಅನುಕೂಲ ಇದೆ.

ಮರದಲ್ಲೇ ಮಾಡಿದ ಕೆಲಸಕ್ಕೆ ಬರೋಣ. ಕೆನಡಾದ ಅಲ್ಬರ್ಟಾದಲ್ಲಿ ನೆಲದಿಂದ ಬರುವ ನೈಸರ್ಗಿಕ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಬೆರೆತಿರುವುದು ಜಾಸ್ತಿ. ಅದನ್ನು ತೆಗೆಯುವ ಘಟಕಗಳು ಪೈನ್ ಕಾಡಿನ ನಡುವೆಯೇ ಇವೆ. ಸಲ್ಫರ್ ಡೈಆಕ್ಸೈಡ್ ಅಲ್ಲದೆ, ಬೇರ್ಪಡಿಸಿ ರಾಶಿ ಹಾಕಿದ ಹಳದಿ ಗಂಧಕದ ಪುಡಿ ಕೂಡ ಗಾಳಿಗೆ ಹಾರಿ ಕಾಡಿನ ಮೇಲೆ ಬೀಳುತ್ತಿತ್ತು. ಹಾಗಾಗಿ ಅಲ್ಲಿನ ಎಡ್ಮಂಟನ್‌ನ ಅರಣ್ಯ ಸಂಶೋಧನಾ ಕೇಂದ್ರದಲ್ಲಿ ಮಲ್ಹೋತ್ರಾ ಮತ್ತು ಜೊತೆಯವರು ಪೈನ್ ಸೂಜಿಗಳ ಹಿಂದೆ ಬಿದ್ದರು. ಮಲ್ಹೋತ್ರಾ ಮತ್ತು ಸರ್ಕಾರ್ 1979ರಲ್ಲಿ ಪ್ರಕಟಿಸಿದ್ದು ಎಳೆ ಪೈನ್ ಗಿಡಗಳ ಸಕ್ಕರೆ ಲೆಕ್ಕ. ಗ್ಯಾಸ್ ಕೊಟ್ಟ ಗಿಡಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ತರಹದ ಬಿಡಿ ಸಕ್ಕರೆ ಏರಿತ್ತು. ಸುಕ್ರೋಸ್ ತರಹದ ಜೋಡಿ ಸಕ್ಕರೆ ಇಳಿದಿತ್ತು.

ಇದರಲ್ಲಿ ಏನು ದೊಡ್ಡ ವಿಷಯ ಅನ್ನಿಸಬಹುದು. ವಿಷಯ ಇದೆ. ಮರದೊಳಗೆ ಪ್ರಯಾಣ ಮಾಡುವ ಸಕ್ಕರೆ ಸುಕ್ರೋಸ್, ನಾವು ಕಾಫಿಗೆ ಹಾಕಿಕೊಳ್ಳುವುದೂ ಅದನ್ನೇ. ಎಲೆಯಿಂದ ಬೇರಿಗೆ, ಕಾಯಿಗೆ, ಚಿಗುರಿಗೆ ಫ್ಲೋಯಂ ನಾಳದಲ್ಲಿ ಹೋಗುವುದು ಬಹುಪಾಲು ಅದೇ. ಗ್ಲೂಕೋಸ್, ಫ್ರಕ್ಟೋಸ್ ಹಾಗೆ ಹೋಗುವುದಿಲ್ಲ. ಎಲೆಯ ಒಟ್ಟು ಸಕ್ಕರೆ ಅಳೆದರೆ ಅಂಕಿ ಚೆನ್ನಾಗೇ ಕಾಣಬಹುದು. ಪ್ರಯಾಣ ಮಾಡಬೇಕಾದ ಸಕ್ಕರೆ ಮಾತ್ರ ಕಮ್ಮಿಯಾಗಿರುತ್ತದೆ. ಹಾಗಾಗಿ ಈ ವಿಷಯದಲ್ಲಿ ಬರೀ ಒಟ್ಟು ಸಕ್ಕರೆ ಅಂತ ಒಂದು ಅಂಕಿ ಕೊಟ್ಟು ಕೈತೊಳೆದುಕೊಂಡ ವರದಿ ನೋಡಿದರೆ ನನಗೆ ಕಿರಿಕಿರಿ.

ಸಾಗಣೆಯೂ ನೇರವಾಗಿ ಪೆಟ್ಟು ತಿನ್ನುತ್ತದೆ. ಅವರೆ ಜಾತಿಯ ಗಿಡಗಳಲ್ಲಿ 1980ರ ಸುಮಾರಿಗೆ ಮಾಡಿದ ಪ್ರಯೋಗಗಳಲ್ಲಿ, ಕಮ್ಮಿ ಗ್ಯಾಸ್ ಕೊಟ್ಟಾಗ ದ್ಯುತಿಸಂಶ್ಲೇಷಣೆ ಹೆಚ್ಚುಕಮ್ಮಿ ಹಾಗೇ ಇತ್ತು, ಎಲೆಯಿಂದ ಸಕ್ಕರೆ ಹೊರಗೆ ಹೋಗುವುದು ಮಾತ್ರ ಆಗಲೇ ಇಳಿದಿತ್ತು. ಮಂಡ್ಯದ ಕಡೆಯ ಆಲೆಮನೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಾಣ ತಿರುಗುತ್ತಿದೆ, ಕೊಪ್ಪರಿಗೆ ಕುದಿಯುತ್ತಿದೆ, ಅಚ್ಚು ತುಂಬುತ್ತಿದೆ. ಬೆಲ್ಲ ಸಾಗಿಸುವ ಗಾಡಿ ಮಾತ್ರ ಬರುತ್ತಿಲ್ಲ. ಮೊದಲ ದಿನ ರಾಶಿ ನೋಡಿ ಖುಷಿ. ನಾಲ್ಕನೇ ದಿನ ಇಡಲು ಜಾಗ ಇಲ್ಲ, ಗಾಣ ನಿಲ್ಲಿಸಬೇಕು. ಎಲೆಯಲ್ಲೂ ಅಷ್ಟೇ. ಹೊರಗೆ ಹೋಗದ ಸಕ್ಕರೆ ಪಿಷ್ಟವಾಗಿ ಕ್ಲೋರೋಪ್ಲಾಸ್ಟ್ ಒಳಗೇ ಒಟ್ಟಿಕೊಳ್ಳುತ್ತದೆ. ಇನ್ನು ಸಾಕು ಅನ್ನುವ ಸಂದೇಶ ಸಿಕ್ಕಿ ದ್ಯುತಿಸಂಶ್ಲೇಷಣೆ ತಾನಾಗೇ ಇಳಿಯುತ್ತದೆ.

ಮರಗಳಲ್ಲಿ ಇದಕ್ಕೆ ಇನ್ನೊಂದು ಎಳೆ ಇದೆ. ಅವರೆ ಗಿಡ ಸುಕ್ರೋಸನ್ನು ಶಕ್ತಿ ಖರ್ಚು ಮಾಡಿ ನಾಳಕ್ಕೆ ಪಂಪ್ ಮಾಡುತ್ತದೆ. ಬಹಳಷ್ಟು ಮರಗಳು ಹಾಗೆ ಮಾಡುವುದಿಲ್ಲ. ಎಲೆಯಲ್ಲಿ ಸುಕ್ರೋಸ್ ದಟ್ಟವಾಗಿ ಇಟ್ಟುಕೊಂಡು, ಅದು ತಾನಾಗಿ ನಾಳದ ಕಡೆ ಇಳಿಯುವಂತೆ ನೋಡಿಕೊಳ್ಳುತ್ತವೆ. ಕಾರ್ನೆಲ್‌ನ ರಾಬರ್ಟ್ ಟರ್ಜನ್ ಮತ್ತು ಜೊತೆಯವರು ಇದನ್ನು ಬಿಡಿಸಿ ಹೇಳಿದ್ದಾರೆ. ಹಾಗಿದ್ದರೆ ಪಂಪ್ ಕೆಟ್ಟಿತು ಅನ್ನುವ ವಿವರಣೆಯನ್ನು ಮರಕ್ಕೆ ಹಾಗೇ ಅಂಟಿಸಲು ಆಗುವುದಿಲ್ಲ. ಆದರೆ ಪೈನ್‌ನಲ್ಲಿ ಕಂಡ ಹಾಗೆ ಸುಕ್ರೋಸೇ ಒಡೆದು ಬಿಡಿ ಸಕ್ಕರೆ ಆಗುತ್ತಿದ್ದರೆ, ಈ ಮರಗಳಿಗೆ ಅದೇ ದೊಡ್ಡ ಹೊಡೆತ. ಇಳಿಯಬೇಕಾದ ಸುಕ್ರೋಸಿನ ದಟ್ಟಣೆಯೇ ಇಲ್ಲವಲ್ಲ. ಇದು ನನ್ನ ಓದಿನಿಂದ ನಾನು ಜೋಡಿಸಿಕೊಂಡ ವಾದ, ಅಷ್ಟರಮಟ್ಟಿಗೆ ತೆಗೆದುಕೊಳ್ಳಿ.

ಈಗ ಮೇಜಿನ ಮೇಲೆ ಏನಿದೆ ನೋಡಿ. ಮೂರು ಬಿಳಿ ತಟ್ಟೆ, ಮೂರು ದಾಸವಾಳದ ಎಲೆ. ಮೂರೂ ಒಂದೇ ಗಿಡದ್ದು. ಒಂದನ್ನು ನಿನ್ನೆ ಸಂಜೆ ಬಿಸಿಲು ಇಳಿಯುವಾಗ ಕಿತ್ತದ್ದು. ಎರಡನೆಯದನ್ನು ಇವತ್ತು ಸೂರ್ಯ ಹುಟ್ಟುವ ಮುಂಚೆ. ಮೂರನೆಯದನ್ನೂ ಅದೇ ಹೊತ್ತಿಗೆ, ಆದರೆ ಬೇರೆ ಕೊಂಬೆಯಿಂದ. ಆ ಕೊಂಬೆಗೆ ಹೋದ ವಾರ ಗೂಟಿ ಕಟ್ಟಲು ಅಂತ ಸುತ್ತಲೂ ಸಿಪ್ಪೆ ತೆಗೆದಿತ್ತು. ನರ್ಸರಿಯವರು ಮಾಡುತ್ತಾರಲ್ಲ, ಹಾಗೇ. ಸಿಪ್ಪೆಯ ಜೊತೆ ಫ್ಲೋಯಂ ಹೋಗುತ್ತದೆ, ಕಟ್ಟಿಗೆ ಉಳಿಯುತ್ತದೆ. ನೀರು ಮೇಲೆ ಹೋಗುತ್ತದೆ, ಸಕ್ಕರೆ ಕೆಳಗೆ ಇಳಿಯುವುದಿಲ್ಲ. ಗೂಟಿಯಲ್ಲಿ ಗಾಯದ ಮೇಲ್ಭಾಗದಲ್ಲೇ ಬೇರು ಬರುವುದಕ್ಕೆ ಇದೂ ಒಂದು ಕಾರಣ.

ಮೂರನ್ನೂ ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆಮೇಲೆ ಸ್ಪಿರಿಟ್‌ನಲ್ಲಿ ಹಾಕಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಿದ್ದೆ. ಮನೆಯಲ್ಲಿ ಮಾಡುವವರು ಸ್ಪಿರಿಟನ್ನು ಒಲೆಯ ಹತ್ತಿರವೂ ತರಬೇಡಿ, ಭಗ್ ಅಂತ ಹೊತ್ತಿಕೊಳ್ಳುತ್ತದೆ. ಹಸಿರೆಲ್ಲ ಸ್ಪಿರಿಟಿಗೆ ಇಳಿದು ಎಲೆ ಮಾಸಲು ಬಿಳಿಯಾಗಿದೆ. ಈಗ ಅಯೋಡಿನ್ ಹನಿಸುತ್ತೇನೆ. ಮೊದಲನೆಯದು, ಸಂಜೆಯ ಎಲೆ. ನೋಡಿ, ನೀಲಿಗಪ್ಪು. ಹಗಲೆಲ್ಲ ಕೂಡಿಟ್ಟ ಪಿಷ್ಟ. ಎರಡನೆಯದು ಅಯೋಡಿನ್ನಿನ ಕಂದು ಬಣ್ಣಕ್ಕೇ ನಿಂತಿದೆ. ರಾತ್ರಿಯೆಲ್ಲ ಪಿಷ್ಟ ಕರಗಿ ಸುಕ್ರೋಸ್ ಆಗಿ ಹೊರಟು ಹೋಗಿದೆ. ಆರೋಗ್ಯದ ಎಲೆ ಬೆಳಗಿನ ಜಾವಕ್ಕೆ ಹೀಗೆ ಹೆಚ್ಚುಕಮ್ಮಿ ಖಾಲಿ ಇರಬೇಕು. ಮೂರನೆಯದು? ಬೆಳಗಿನ ಜಾವದ ಎಲೆಯೇ, ಆದರೆ ಕಪ್ಪಾಗಿದೆ. ರಾತ್ರಿ ಖಾಲಿಯಾಗಲು ದಾರಿ ಇರಲಿಲ್ಲ. ಮೂರೂ ಎಲೆ ಕೀಳುವಾಗ ಒಂದೇ ಹಸಿರು ಇದ್ದವು.

ಇದು ಗಂಧಕದಿಂದ ಆದದ್ದಲ್ಲ, ನಾನೇ ಸಿಪ್ಪೆ ತೆಗೆದದ್ದು. ಆದರೆ ಸಾಗಣೆ ಕೆಟ್ಟಾಗ ಎಲೆಯಲ್ಲಿ ಉಳಿಯುವ ಗುರುತು ಇದೇ. ಬೆಳಗಿನ ಜಾವದ ಕಪ್ಪು ಎಲೆ ಕಂಡ ತಕ್ಷಣ ಗಂಧಕ ಅ‍ನ್ನಬೇಡಿ. ಮೆಗ್ನೀಷಿಯಂ ಕೊರತೆ ಇದ್ದರೂ ಹೀಗೇ ಆಗುತ್ತದೆ. ಚಳಿ ಜಾಸ್ತಿಯಾದರೂ ಆಗುತ್ತದೆ. ಮೆಗ್ನೀಷಿಯಂ ಕತೆಯಲ್ಲೂ ಗಂಧಕದ ಕೈ ಇರಬಹುದು ಅನ್ನುವುದು ಬೇರೆ ಮಾತು. ಆಮ್ಲ ಮಳೆ ಮಣ್ಣಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ತೊಳೆದು ಒಯ್ಯುತ್ತದೆ. ಜರ್ಮನಿಯ ಫಿಷ್ಟೆಲ್‌ಗೆಬಿರ್ಗೆ ಬೆಟ್ಟಗಳಲ್ಲಿ ಸ್ಪ್ರೂಸ್ ಹಳದಿಯಾದದ್ದು ಈ ಕೊರತೆಯಿಂದ. ಎಲೆಯಿಂದ ಬಂದ ಗಂಧಕ, ಮಣ್ಣಿನಿಂದ ಬಂದ ಗಂಧಕ, ಎರಡೂ ಕೊನೆಗೆ ಸಕ್ಕರೆಯ ಸಾಗಣೆಯನ್ನೇ ಹಿಡಿದುಕೊಳ್ಳುತ್ತವೆ.

ಸಕ್ಕರೆ ಇಳಿಯದಿದ್ದರೆ ಮೊದಲು ಸೊರಗುವುದು ಬೇರು. ಗ್ಯಾಸ್ ತಾಗಿದ ಗಿಡಗಳಲ್ಲಿ ಕಾಂಡಕ್ಕಿಂತ ಬೇರು ಜಾಸ್ತಿ ಕುಗ್ಗುವುದು ಮತ್ತೆ ಮತ್ತೆ ಕಂಡ ವಿಷಯ. ಪೈನ್, ಸ್ಪ್ರೂಸ್ ಬೇರಿನ ತುದಿಗೆ ಶಿಲೀಂಧ್ರಗಳು ಸುತ್ತಿಕೊಂಡಿರುತ್ತವೆ. ಮರ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ನೀರು, ರಂಜಕ ತಂದುಕೊಡುತ್ತದೆ. ಸಕ್ಕರೆ ನಿಂತರೆ ಈ ಕೊಡುಕೊಳ್ಳುವಿಕೆಯೂ ಸೊರಗುತ್ತದೆ. ಮುಂದೆ ಒಂದು ಬರಗಾಲ ಬಂದರೆ ಮರ ಬೀಳುತ್ತದೆ. ಜನ ಬರಗಾಲಕ್ಕೆ ಸತ್ತಿತು ಅನ್ನುತ್ತಾರೆ.

ಬರದ ಜಾಗದಲ್ಲಿ ಚಳಿ ಇಟ್ಟರೆ ಅದು ಯುರೋಪಿನ ಕತೆ. ಜರ್ಮನಿ, ಪೋಲೆಂಡ್, ಈಗಿನ ಚೆಕ್ ದೇಶ ಸೇರುವ ಜಾಗವನ್ನು ಕಪ್ಪು ತ್ರಿಕೋನ ಅಂತ ಕರೆಯುತ್ತಿದ್ದರು. ಕಂದು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಸಾಲು ಅಲ್ಲಿತ್ತು. ಮೇಲೆ ಓರ್ ಬೆಟ್ಟಗಳ ಸ್ಪ್ರೂಸ್ ಕಾಡು. ಸ್ಪ್ರೂಸ್ ಚಳಿಗಾಲಕ್ಕೆ ತಯಾರಾಗುವುದೇ ಸಕ್ಕರೆಯಿಂದ. ಸೂಜಿಯೊಳಗೆ ಸುಕ್ರೋಸ್, ರ‍್ಯಾಫಿನೋಸ್ ಕೂಡಿಟ್ಟುಕೊಂಡು ಕೋಶ ಹೆಪ್ಪುಗಟ್ಟಿ ಒಡೆಯದಂತೆ ಕಾಪಾಡಿಕೊಳ್ಳುತ್ತದೆ. 1978ರ ಡಿಸೆಂಬರ್ 31ರಿಂದ ಹೊಸ ವರ್ಷಕ್ಕೆ ದಾಟುವಾಗ ಅಲ್ಲಿ ಉಷ್ಣತೆ ಇದ್ದಕ್ಕಿದ್ದಂತೆ ಕುಸಿಯಿತು. ಬೆಚ್ಚಗಿದ್ದ ಹವೆ ಒಂದೇ ದಿನದಲ್ಲಿ ಕಡು ಚಳಿಗೆ ತಿರುಗಿತು. ವರ್ಷಗಟ್ಟಲೆ ಗಂಧಕ ಕುಡಿದಿದ್ದ ಕಾಡು ಆ ಪೆಟ್ಟು ತಡೆಯಲಿಲ್ಲ. ಬೆಟ್ಟದ ನೆತ್ತಿಯ ಸ್ಪ್ರೂಸ್ ಕಾಡು ಮುಂದಿನ ವರ್ಷಗಳಲ್ಲಿ ಸಾಲು ಸಾಲಾಗಿ ಸತ್ತಿತು. ಚಳಿ ಅಲ್ಲಿ ಹೊಸದಲ್ಲ, ಸ್ಪ್ರೂಸೂ ಹೊಸದಲ್ಲ. ನಡುವೆ ಬಂದದ್ದು ಗಂಧಕ.

ನಮ್ಮ ದೇಶಕ್ಕೆ ಬರೋಣ. ಈ ವಿಷಯದಲ್ಲಿ ಇಲ್ಲಿ ಹಳೆಯ ಕೆಲಸ ನಡೆದಿರುವುದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಉತ್ತರ ಪ್ರದೇಶದ ಒಬ್ರಾ ಉಷ್ಣ ವಿದ್ಯುತ್ ಸ್ಥಾವರದ ಸುತ್ತ ಅವರು ಮಾವು ಮೊದಲಾದ ಗಿಡಮರಗಳ ಎಲೆ ಪರೀಕ್ಷೆ ಮಾಡಿದ್ದಾರೆ. ಸ್ಥಾವರಕ್ಕೆ ಹತ್ತಿರ ಹೋದಷ್ಟೂ ಎಲೆಯಲ್ಲಿ ಗಂಧಕ ಜಾಸ್ತಿ, ಪತ್ರಹರಿತ್ತು ಕಮ್ಮಿ. ಅಲ್ಲಿನವರೇ ಆದ ಸಿಂಗ್ ಮತ್ತು ರಾವ್ 1983ರಲ್ಲಿ ಒಂದು ಸೂಚ್ಯಂಕ ಕೊಟ್ಟರು, ಮರ ಎಷ್ಟು ಮಾಲಿನ್ಯ ತಡೆಯುತ್ತದೆ ಅಂತ ಹೇಳಲು. ವಿಟಮಿನ್ ಸಿ, ಪತ್ರಹರಿತ್ತು, ಎಲೆ ರಸದ ಆಮ್ಲತೆ, ಎಲೆಯ ನೀರು, ಈ ನಾಲ್ಕು ಅಳತೆ. ರಸ್ತೆ ಬದಿ ಯಾವ ಮರ ನೆಡಬೇಕು ಅನ್ನುವ ಪ್ರಬಂಧಗಳೆಲ್ಲ ಇವತ್ತಿಗೂ ಇದನ್ನೇ ಹಾಕುತ್ತವೆ. ಬಳಸಲು ಸುಲಭ, ಕಾಲೇಜು ಲ್ಯಾಬಿನಲ್ಲೂ ಆಗುತ್ತದೆ. ಆದರೆ ನಾಲ್ಕರಲ್ಲಿ ಒಂದೂ ಸಕ್ಕರೆಯ ಅಳತೆ ಅಲ್ಲ. ಹಸಿರಾಗಿದ್ದು ಬೇರು ಸೊರಗಿದ ಮರಕ್ಕೆ ಇದರಲ್ಲಿ ಒಳ್ಳೆ ಮಾರ್ಕ್ಸ್ ಸಿಕ್ಕಿಬಿಡಬಹುದು. ನನಗೆ ಇರುವ ತಕರಾರು ಅದೇ.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಮ್ಮಿ, ಸುಮಾರು ಶೇ 0.5. ಬೂದಿ ಮಾತ್ರ ಸಿಕ್ಕಾಪಟ್ಟೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಉಷ್ಣ ಸ್ಥಾವರಗಳಿಗೆ ಸಲ್ಫರ್ ಡೈಆಕ್ಸೈಡ್ ಮಿತಿ ಹಾಕಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕ ತೊಳೆಯುವ ಯಂತ್ರ ಕೂರಿಸುವುದರಿಂದ ವಿನಾಯಿತಿ ಸಿಕ್ಕಿತು. ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಯಾವ ಮಿತಿ? ಸಾಮಾನ್ಯ ಪ್ರದೇಶಕ್ಕೆ ವರ್ಷದ ಸರಾಸರಿ ಘನ ಮೀಟರಿಗೆ 50 ಮೈಕ್ರೋಗ್ರಾಂ. ಯುರೋಪಿನಲ್ಲಿ ಕಾಡಿಗೆ ಅಂತ ಇಟ್ಟುಕೊಂಡಿರುವ ಮಟ್ಟ 20, ಕಲ್ಲುಹೂವಿಗೆ 10. ನಮ್ಮಲ್ಲೂ ಸೂಕ್ಷ್ಮ ಪರಿಸರ ಪ್ರದೇಶಕ್ಕೆ 20 ಅಂತಲೇ ಇದೆ. 50ರ ಒಳಗಿದೆ ಅನ್ನುವುದು ಮರದ ಪರವಾಗಿ ಆಡಿದ ಮಾತಾಗುವುದಿಲ್ಲ, ಅಲ್ವಾ?

ಇಷ್ಟು ಸಾಕು. ಪ್ರಶ್ನೆ ಕೇಳಿ.

ಬೆಂಗಳೂರಿನ ರಸ್ತೆ ಮರಗಳು ಒಣಗುತ್ತಿರುವುದಕ್ಕೂ ಇದೇ ಕಾರಣವಾ ಸರ್?

ಬಹುಮಟ್ಟಿಗೆ ಅಲ್ಲ. ಬೆಂಗಳೂರಿನ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಗಿಂತ ಬಹಳ ಕೆಳಗಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಅಷ್ಟೇ. ಇಲ್ಲಿನ ಮರಕ್ಕೆ ದೂಳು ಇದೆ, ನೈಟ್ರೋಜನ್ ಆಕ್ಸೈಡ್ ಇದೆ. ಎಲ್ಲಕ್ಕಿಂತ ಜಾಸ್ತಿ, ಬುಡದವರೆಗೂ ಸುರಿದ ಕಾಂಕ್ರೀಟ್ ಇದೆ. ನಿಮ್ಮ ಬೀದಿಯ ಮರ ಒಣಗಿದರೆ ಮೊದಲು ಬುಡ ನೋಡಿ. ಉಷ್ಣ ಸ್ಥಾವರ ಇರುವ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ಕಡೆಯಾದರೆ ಪ್ರಶ್ನೆ ಸರಿಯಾದ ಪ್ರಶ್ನೆ. ಅಲ್ಲೂ ಬೂದಿಯ ಪಾಲು, ಗ್ಯಾಸ್ ಪಾಲು ಬೇರೆ ಮಾಡಿ ನೋಡಬೇಕು. ಬೂದಿ ಎಲೆಗೆ ಬೆಳಕು ತಡೆಯುತ್ತದೆ, ಅದರಿಂದಲೂ ಸಕ್ಕರೆ ಕಮ್ಮಿಯಾಗುತ್ತದೆ.

ನಾವು ದ್ರಾಕ್ಷಿಗೆ ಗಂಧಕ ಹೊಡೀತೀವಿ, ಶೇಂಗಾಕ್ಕೆ ಜಿಪ್ಸಂ ಹಾಕ್ತೀವಿ. ಗಂಧಕ ಗೊಬ್ಬರಾನೇ ಅಲ್ಲೇನ್ರೀ?

(ವಿಜಯಪುರ ಕಡೆಯ ರೈತರು ಕೇಳಿದ್ದು.) ಖಂಡಿತ ಗೊಬ್ಬರ. ಯುರೋಪಿನಲ್ಲಿ ಗಾಳಿ ಶುಚಿಯಾದ ಮೇಲೆ ಸಾಸಿವೆ ಜಾತಿಯ ರೇಪ್ ಬೆಳೆಗೆ ಗಂಧಕದ ಕೊರತೆ ಬಂತು. ಅಲ್ಲಿಯವರೆಗೆ ಚಿಮಣಿಗಳೇ ಪುಕ್ಕಟೆ ಗೊಬ್ಬರ ಹಾಕುತ್ತಿದ್ದವು! ಜಿಪ್ಸಂ ಅಂದರೆ ಸಲ್ಫೇಟ್, ಬೇರಿನಿಂದ ಹೋಗುತ್ತದೆ, ಗಿಡ ಬೇಕಾದಷ್ಟು ತೆಗೆದುಕೊಳ್ಳುತ್ತದೆ. ಗ್ಯಾಸ್ ಹಾಗಲ್ಲ. ರಂಧ್ರದಿಂದ ನೇರ ಎಲೆಯೊಳಗೆ ಸಲ್ಫೈಟ್ ಆಗಿ ಬರುತ್ತದೆ, ಬೇಕಾ ಬೇಡವಾ ಅಂತ ಕೇಳುವುದಿಲ್ಲ. ಬೂದಿರೋಗಕ್ಕೆ ಹೊಡೆಯುವ ಗಂಧಕದ ಪುಡಿ ಕೂಡ ಕಡು ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಅದು ನಿಮಗೇ ಗೊತ್ತು.

ಇಟ್ಟಿಗೆ ಗೂಡಿನ ಪಕ್ಕದ ಮಾವಿನ ತೋಟ?

ಅದು ಉತ್ತರ ಭಾರತದ ಹಳೇ ತಲೆನೋವು. ಕಾಯಿಯ ತುದಿ ಕಪ್ಪಾಗುತ್ತದೆ. ಗೂಡಿನ ಹೊಗೆಯಿಂದ ಅಂತ ಬಹಳ ಹಿಂದೆಯೇ ಗೊತ್ತಾಗಿದೆ. ಗೂಡನ್ನು ದೂರ ಇಡುವುದು, ಬೋರಾಕ್ಸ್ ಸಿಂಪಡಿಸುವುದು, ಈ ಎರಡು ಸಲಹೆ ಕೊಡುತ್ತಾರೆ. ಆ ಹೊಗೆಯಲ್ಲಿ ಗಂಧಕ ಒಂದೇ ಅಲ್ಲ, ಎಥಿಲೀನ್, ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಹಾಗಾಗಿ ಅದನ್ನು ಇವತ್ತಿನ ಕತೆಗೆ ಪೂರ್ತಿ ಸೇರಿಸಲಾರೆ.

ಹೊಗೆ ನಿಂತರೆ ಮರ ಸರಿಹೋಗುತ್ತಾ?

ಎಲೆ ಬೇಗ ಸರಿಹೋಗುತ್ತದೆ. ಪೆಟ್ಟು ಸಣ್ಣದಾಗಿದ್ದರೆ ಸಲ್ಫೈಟ್ ಖರ್ಚಾದ ಮೇಲೆ ದ್ಯುತಿಸಂಶ್ಲೇಷಣೆ ವಾಪಸ್ ಬರುತ್ತದೆ. ಬೇರಿಗೆ ಟೈಮ್ ಬೇಕು. ಮಣ್ಣು ಎಲ್ಲಕ್ಕಿಂತ ನಿಧಾನ. ಸಡ್‌ಬರಿಯಲ್ಲಿ 1978ರಲ್ಲಿ ಶುರು ಮಾಡಿದರು. ಆ ವರ್ಷ ಗಣಿಯಲ್ಲಿ ಕೆಲಸ ಕಳೆದುಕೊಂಡವರು, ಕಾಲೇಜು ಹುಡುಗರು ಸೇರಿ ಸುಣ್ಣಕಲ್ಲಿನ ಪುಡಿಯ ಮೂಟೆ ಹೊತ್ತು ಬಂಡೆಗಳ ನಡುವೆ ಕೈಯಲ್ಲೇ ಎರಚಿದರು. ಮೊದಲು ಹುಲ್ಲು ಬಂತು, ಬರ್ಚ್ ತಾನಾಗೇ ಬಂತು, ಆಮೇಲೆ ಪೈನ್ ನೆಟ್ಟರು. 2022ರಲ್ಲಿ ನೆಟ್ಟ ಗಿಡಗಳ ಲೆಕ್ಕ ಒಂದು ಕೋಟಿ ಮುಟ್ಟಿತು.

ಓರ್ ಬೆಟ್ಟಗಳಲ್ಲಿ ಚೆಕ್ ಸ್ಥಾವರಗಳು 1998ರ ಕೊನೆಯೊಳಗೆ ಗಂಧಕ ತೊಳೆಯುವ ಯಂತ್ರ ಹಾಕಿಕೊಂಡವು. ಉಳಿದ ಸ್ಪ್ರೂಸ್‌ಗಳು ಮತ್ತೆ ದಪ್ಪ ಉಂಗುರ ಹಾಕತೊಡಗಿದವು. ಆದರೆ ಅದಕ್ಕೂ ಮುಂಚೆ, ಕಾಡು ಸಾಯುತ್ತಿದ್ದ ಕಾಲದಲ್ಲಿ, ಅಲ್ಲಿನ ಅರಣ್ಯದವರು ಹೊಗೆ ತಡೆಯುತ್ತದೆ ಅಂತ ಅಮೆರಿಕದ ನೀಲಿ ಸ್ಪ್ರೂಸನ್ನು ಬೆಟ್ಟದ ತುಂಬಾ ನೆಟ್ಟಿದ್ದರು. ಅದು ಹೊಗೆ ತಡೆಯಿತು ಕೂಡ. ಗಾಳಿ ಶುಚಿಯಾದ ಮೇಲೆ ಅದಕ್ಕೆ ಮೊಗ್ಗು ಕೊಲ್ಲುವ ಒಂದು ಶಿಲೀಂಧ್ರ ಗಂಟುಬಿತ್ತು. ಈಗ ಅದನ್ನು ಕಡಿದು ಊರಿನ ಸ್ಪ್ರೂಸನ್ನೇ ಮತ್ತೆ ನೆಡುತ್ತಿದ್ದಾರೆ.